ತುಫಾನಿಗೆ ತಂತಿ ಕಟ್ಟಿದ ಓಣಿ

ಸಮುದ್ರವೇ ಇಲ್ಲದ ಸೀಮೆಗೆ ತುಫಾನು ಬಂದರೆ ಏನೇನಾಗುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ. ಬರೆಯದಿದ್ದರೂ ಆಗುವುದು ನಿಂತಿಲ್ಲ, ನಮ್ಮ ಓಣಿಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಆಗುತ್ತಲೇ ಇದೆ.

ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಗಾಳಿ ತೆಲಂಗಾಣ ದಾಟಿ ಚಿಂಚೋಳಿಯಲ್ಲಿ ಒಳಗೆ ನುಗ್ಗುತ್ತದೆ. ಸೇಡಂ ಮೇಲೆ ಹಾಯ್ದು, ಚಿತ್ತಾಪುರ, ವಾಡಿ, ಶಹಾಬಾದ್ ಯಾವುದನ್ನೂ ಬಿಡದೆ ಮುಟ್ಟಿ ಹೋಗುತ್ತದೆ. ಅದರ ದಾರಿಯಲ್ಲೇ, ಕಾಗಿಣಾ ಹೊಳೆಯ ದಂಡೆಯ ಮೇಲೆ ನಮ್ಮ ಓಣಿ ಇದೆ. ಎಲ್ಲರೂ ಕಲ್ಲಿನ ಖಣಿಯಲ್ಲಿ ದುಡಿಯುವವರು. ದೇಶದ ಮನೆಗಳಿಗೆಲ್ಲ ನೆಲ ಕೊಯ್ದು ಕೊಟ್ಟವರು, ತಮ್ಮ ತಲೆಯ ಮೇಲೆ ಪತ್ರಾ ಹೊದ್ದುಕೊಂಡು ಇದ್ದಾರೆ. ಪತ್ರಾ ಅಂದರೆ ತಗಡಿನ ಮಾಡು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಉಳಿದ ಅಕ್ಷರವನ್ನು ಅರ್ಜಿ ಬರೆದು ಬರೆದು ಕಲಿತೆ. ಓಣಿಯವರು ಎದುರಿಗೆ ನನ್ನನ್ನು ಅಕ್ಕ ಎನ್ನುತ್ತಾರೆ, ಕಚೇರಿಯವರು ಹಿಂದಿನಿಂದ ಜಗಳಗಂಟಿ ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆ ಇದೆ.

ಹಿಂದಿನ ಸಲದ ತುಫಾನಿನ ಎಚ್ಚರಿಕೆ ನಮಗೆ ತಲುಪಿದ್ದು ತುಫಾನು ಹೋದ ಮೂರನೇ ದಿನ. ಅಷ್ಟರಲ್ಲಿ ಆರು ಮನೆಯ ಪತ್ರಾ ಹಾರಿದ್ದವು. ಒಂದು ಪತ್ರಾ ಬಿದ್ದು ನಮ್ಮ ಓಣಿಯ ಹುಡುಗಿಯೊಬ್ಬಳ ಕೈ ಮುರಿಯಿತು. ಆ ಕೈ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಅವತ್ತೇ ನಾನು ಓಣಿಯ ನಡುವೆ ನಿಂತು ಹೇಳಿದ್ದೆ, ಮುಂದಿನ ತುಫಾನಿಗೆ ನಮ್ಮವರಲ್ಲಿ ಒಬ್ಬರ ಮೈಮೇಲೂ ಗೀರು ಬೀಳಬಾರದು ಎಂದು. ಆ ಮುಂದಿನ ತುಫಾನಿನ ನಾಲ್ಕೈದು ದಿನದ ಕತೆ ಇದು.

೧. ಸಮುದ್ರಕ್ಕೆ ಇಳಿಯಬೇಡಿ

ಈ ಸಲ ಟಿ.ವಿ.ಯಲ್ಲಿ ಮೊದಲೇ ಹೇಳಿದರು. ನಾನು ನಮ್ಮ ಸುತ್ತಿನ ಒಂದು ಕಚೇರಿಗೆ ಹೋದೆ. ಯಾವ ಕಚೇರಿ, ಯಾವ ಊರಿನದು ಎಂದು ಬರೆಯುವುದಿಲ್ಲ, ಅವರೂ ಹೆಂಡತಿ ಮಕ್ಕಳಿದ್ದವರು. ಅಲ್ಲಿಯ ಕ್ಲಾರ್ಕು ಒಂದು ಸುತ್ತೋಲೆ ತೆಗೆದು ಗಟ್ಟಿಯಾಗಿ ಓದಿದ.

“ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ದೋಣಿಗಳನ್ನು ದಡಕ್ಕೆ ಕಟ್ಟಬೇಕು. ಪ್ರವಾಸಿಗರು ಕಡಲತೀರದಿಂದ ದೂರ ಇರಬೇಕು.”

“ಪತ್ರಾದ ಮನಿಗೋಳಿಗಿ ಏನು ಮಾಡ್ಬೇಕು ಅಂತ ಬರ್ದಾರ?” ಎಂದೆ.

ಅವನು ಹಾಳೆ ತಿರುಗಿಸಿ ನೋಡಿದ. “ಅದಿಲ್ರಿ ಅಕ್ಕಾ. ಕೊನೀಗಿ ಸಹಿ ಮಾಡಿದವರಷ್ಟೇ ಅದಾರ.”

ಸಮುದ್ರ ನೋಡಬೇಕೆಂದರೆ ನಾವು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಒಂದು ರಾತ್ರಿ ಪೂರ್ತಿ ಕುಳಿತು ಹೋಗಬೇಕು. ಅದನ್ನೇ ಹೇಳಿದೆ. ಅವನಿಗೂ ಅದು ಗೊತ್ತಿತ್ತು. ಆದರೆ ಎಚ್ಚರಿಕೆ ತಲುಪಿದೆ ಎಂದು ಮೀನುಗಾರರೊಬ್ಬರು ಸಹಿ ಹಾಕದೆ ಫೈಲು ಮುಂದೆ ಹೋಗುವುದಿಲ್ಲವಂತೆ. ಫೈಲು ಹೋಗದೆ ಮುಂದಿನ ಯಾವ ಸಹಾಯವೂ ಬರುವುದಿಲ್ಲವಂತೆ. “ಯಾರರ ಒಬ್ರು ನೀರಿನ ಮಂದಿನ್ನ ಕರ್ಕೊಂಡು ಬರ್ರಿ” ಎಂದು ಕೈ ಮುಗಿದ.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಸೇತುವೆ ಆಗುವ ಮುಂಚೆ ಕಾಗಿಣಾದಲ್ಲಿ ನಾವೆ ನಡೆಸಿ ಮಂದಿಯನ್ನು ದಾಟಿಸುತ್ತಿದ್ದ ಮನೆತನದವರು. ಈಗ ಖಣಿಯಲ್ಲಿ ಕಾವಲು ಇದ್ದಾರೆ. ಅವರನ್ನೇ ಕರೆದುಕೊಂಡು ಹೋದೆ. ಕಾಕಾ ಸುತ್ತೋಲೆಯನ್ನು ಪೂರ್ತಿ ಓದಿಸಿ ಕೇಳಿಸಿಕೊಂಡರು. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಹೇಳಿದರು:

“ನಾ ಸಮುದ್ರಕ್ಕ ಹೋಗಂಗಿಲ್ಲ ಅಂತ ಬರಕೋರಿ. ಆದ್ರ ಸಮುದ್ರನೇ ನಮ್ಮ ಓಣಿಗಿ ಬಂದ್ರ ನಾ ಜವಾಬ್ದಾರ ಅಲ್ಲ, ಅದನ್ನೂ ಕೆಳಗ ಬರೀರಿ.”

೨. ಕಲ್ಲಿನ ಮಂದಿ

ಕಚೇರಿಯಿಂದ ಏನೂ ಬರುವುದಿಲ್ಲ ಎಂದು ಖಾತ್ರಿಯಾಯಿತು. ಅವತ್ತೇ ಮಧ್ಯಾಹ್ನ ಓಣಿಯಲ್ಲಿ ಮೀಟಿಂಗ್ ಮಾಡಿದೆ. “ಗಾಳಿಗಿ ಹಾರೂವಂಥದ್ದು ಒಂದೂ ಇರಬಾರದು” ಎಂದಷ್ಟೇ ಹೇಳಿದೆ. ಅಷ್ಟು ಹೇಳಿ ಬಿಟ್ಟದ್ದು ನನ್ನ ತಪ್ಪು.

ಬೇರೆ ಊರಿನ ಮಂದಿ ಆಗಿದ್ದರೆ ಹಗ್ಗ ಹುಡುಕುತ್ತಿದ್ದರು. ನಮ್ಮವರಿಗೆ ಯಾವ ಕಷ್ಟ ಬಂದರೂ ಮೊದಲು ನೆನಪಾಗುವುದು ಕಲ್ಲು. ಸಂಜೆ ನೋಡುತ್ತೇನೆ, ಓಣಿ ಪೂರ್ತಿ ಫರಸಿಯ ಕೆಳಗೆ ಇದೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿಗೆ ನಾವು ಫರಸಿ ಎನ್ನುತ್ತೇವೆ. ಕೋಳಿಗೂಡಿನ ಮೇಲೆ ಫರಸಿ, ಟಿ.ವಿ.ಯ ಡಿಶ್ ಕೊಡೆಯ ಮೇಲೆ ಫರಸಿ, ನೀರಿನ ಡ್ರಮ್ಮಿನ ಮೇಲೆ ಫರಸಿ. ಸೈಕಲ್ಲನ್ನು ಮಲಗಿಸಿ ಅದರ ಮೇಲೂ ಒಂದು ಇಟ್ಟಿದ್ದರು. ಒಣಗಲು ಹಾಕಿದ ಸೀರೆಯ ನಾಲ್ಕು ಮೂಲೆಗೆ ನಾಲ್ಕು ತುಂಡು ಇದ್ದವು.

ಎಲ್ಲರಿಗಿಂತ ಹೆಚ್ಚು ಇಟ್ಟವನು ಮೇಸ್ತ್ರಿ. ನಮ್ಮ ಓಣಿಯಲ್ಲಿ ಅವನಷ್ಟು ಚಂದ ಕಲ್ಲು ಕೂಡಿಸುವವರಿಲ್ಲ. ಪತ್ರಾದ ಮೇಲೆ ಸಂದು ಕಾಣದಂತೆ ಫರಸಿ ಜೋಡಿಸಿ, ಮಟ್ಟಗೋಲು ಇಟ್ಟು ನೋಡಿ, ಕೈ ಕಟ್ಟಿ ನಿಂತಿದ್ದ.

“ನೋಡಕ್ಕಾ. ತುಫಾನ್ ಅಲ್ಲ, ಇದರ ಮ್ಯಾಲ ಗೂಡ್ಸ್ ಗಾಡಿ ಹೋದ್ರೂ ಅಲ್ಲಾಡಂಗಿಲ್ಲ.”

ನಾನು ಒಳಗೆ ಇಣುಕಿದೆ. ಭಾರಕ್ಕೆ ಪತ್ರಾ ನಡುವೆ ಜೋಲಿಯಂತೆ ಬಾಗಿ ಇಳಿದಿತ್ತು. ಅದರ ಕೆಳಗೆ ಅವನ ಹೆಂಡತಿ ಕುತ್ತಿಗೆ ಬಗ್ಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾ, ತುಫಾನ್ ಬರೂದು ನಾಡಿದ್ದಿನ ಆಚಿ ಮುಂಜಾನಿ ಅಂತಾರ. ನನ್ನ ತಲಿಗಿ ಪೆಟ್ಟು ಬಿದ್ದದ್ದು ಈಗಾಗ್ಲೆ ಐದು ಸಲ” ಎಂದಳು.

ನಾನು ಮೇಸ್ತ್ರಿಗೆ ಬೈದೆ. ಗಾಳಿ ಪತ್ರಾವನ್ನು ಒಮ್ಮೆ ಎತ್ತಿ ಕೆಡವಿದರೆ ಆ ಕಲ್ಲೆಲ್ಲ ಮಲಗಿದವರ ಎದೆಯ ಮೇಲೆ ಬೀಳುತ್ತದೆ. ಅವನಿಗೆ ಸಿಟ್ಟು ಬಂತು. ಆಮೇಲೆ ಅವನೇ ದಾರಿ ಹೇಳಿದ. ಕಲ್ಲು ಮೇಲೆ ಬೇಡ, ನೆಲದಲ್ಲಿ ಹೂಳೋಣ. ದಪ್ಪ ಕಲ್ಲಿಗೆ ಉಳಿಯಿಂದ ತೂತು ಹೊಡೆದು, ಮನೆಯ ಎರಡೂ ಕಡೆ ಮೊಳಕಾಲುದ್ದ ಗುಂಡಿ ತೆಗೆದು ಹೂತು, ಆ ತೂತಿನಿಂದ ಪತ್ರಾದ ಮೇಲೆ ಹಾಯಿಸಿ ಈಚೆಯಿಂದ ಆಚೆಗೆ ತಂತಿ ಬಿಗಿಯೋಣ ಎಂದ. ಯಾವ ಇಂಜಿನಿಯರೂ ನಮಗೆ ಇದನ್ನು ಹೇಳಿಕೊಟ್ಟಿಲ್ಲ. ಇದನ್ನು ಎದೆ ತಟ್ಟಿ ಬರೆಯುತ್ತಿದ್ದೇನೆ. ಮರುದಿನ ಕತ್ತಲಾಗುವುದರೊಳಗೆ ಓಣಿಯ ಒಂದೊಂದು ಮಾಡಿಗೂ ತಂತಿ ಬಿದ್ದಿತ್ತು. ಗಂಡಸರು ತೂತು ಹೊಡೆದರು, ಹೆಂಗಸರು ಗುಂಡಿ ತೋಡಿದರು.

ತನ್ನ ಮಾಡಿನ ಕಲ್ಲು ಇಳಿಸುವಾಗ ಮಾತ್ರ ಮೇಸ್ತ್ರಿಗೆ ಸಂಕಟ. “ನಾ ಕೂಡಿಸಿದ ಕಲ್ಲು ನಾನೇ ಕೀಳೂದು ಇದೇ ಮೊದಲು ನೋಡಕ್ಕಾ” ಎಂದ. ಹೆಂಡತಿ ಒಳಗಿನಿಂದಲೇ ಕೂಗಿದಳು:

“ಕೀಳ್ರಿ ಜಲ್ದಿ. ನಿಮ್ಮ ಮಾಡಿನಕಿಂತ ತುಫಾನೇ ಛಲೋ, ಅದು ಒಂದು ದಿನ ಇದ್ದು ಹೋಗ್ತದ.”

೩. ಪೇಷಂಟು

ತಂತಿ ಬಿಗಿಯುತ್ತಿದ್ದ ದಿನವೇ ಒಂದು ಜೀಪು, ಹಿಂದೆ ಒಂದು ಆಂಬುಲೆನ್ಸ್ ಬಂದವು. ಸರ್ಕಾರದ ರಕ್ಷಣಾ ತಂಡದವರು, ಅಣಕು ಕಾರ್ಯಾಚರಣೆ ಮಾಡಬೇಕಂತೆ. ಇಡೀ ಓಣಿಗೆ ಸೇರಿ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದಿದ್ದರು. ಅದನ್ನು ಹೇಗೆ ಹಾಕಿಕೊಳ್ಳಬೇಕು ಎಂದು ತೋರಿಸಿದರು, ಮತ್ತೆ ತೆಗೆದು ಜೀಪಿನಲ್ಲಿ ಇಟ್ಟುಕೊಂಡರು.

“ಯಾರರ ಒಬ್ರು ಗಾಯ ಆದವರಂಗ ಮಲಗ್ರಿ” ಎಂದ ಅವರ ಮುಖಂಡ.

ಎರಡು ದಿನದಿಂದ ಕಲ್ಲು ಹೊತ್ತು ಮೈ ನೋಯುತ್ತಿದ್ದ ಮೇಸ್ತ್ರಿ ಮಲಗು ಎಂದ ಕೂಡಲೇ ಮಲಗಿಬಿಟ್ಟ. ಅವನ ಕಾಲಿಗೆ ಬ್ಯಾಂಡೇಜ್ ಸುತ್ತಿದರು, ಸ್ಟ್ರೆಚರ್ ಮೇಲೆ ಹಾಕಿದರು, ಫೋಟೋ ತೆಗೆದರು, ಆಂಬುಲೆನ್ಸಿಗೆ ಏರಿಸಿದರು. ಬಾಗಿಲು ಮುಚ್ಚಿತು. ಗಾಡಿ ಹೋಯಿತು. ನಾವು ಓಣಿಯ ತಿರುವಿನಿಂದ ಅದು ತಿರುಗಿ ಬರುತ್ತದೆ ಎಂದು ಚಪ್ಪಾಳೆ ಹೊಡೆಯಲು ಕೈ ಎತ್ತಿ ನಿಂತಿದ್ದೆವು. ಬರಲಿಲ್ಲ.

ಸಂಜೆಗೆ ಮೇಸ್ತ್ರಿಯ ಫೋನು ಬಂತು. “ಅಕ್ಕಾ, ನನಗ ಸಲೈನ್ ಹಚ್ಯಾರ.”

ನಾನು ಆ ಮುಖಂಡನಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದನ್ನು ಬೈದೆ. ಅವನೂ ಪಾಪ ಗಾಬರಿಯಾಗಿದ್ದ. “ನಾಟಕ ಅಂತ ಡ್ರೈವರಗ ಹೇಳೂದು ಮರ್ತೀವ್ರಿ. ಅಲ್ಲಿ ಹೆಸರು ಬರಕೊಂಡುಬಿಟ್ಟಾರ. ಪೇಷಂಟ್ ಅಂತ ಒಮ್ಮಿ ಬರದ ಮ್ಯಾಲ ಡಾಕ್ಟರ್ ನೋಡದ ಬಿಡಂಗಿಲ್ಲಂತ.”

ಮೇಸ್ತ್ರಿ ಮರುದಿನ ಮುಂಜಾನೆ ಬಂದ. ಗಾಯವಿಲ್ಲದ ಕಾಲಿಗೆ ಬಿಳಿ ಪಟ್ಟಿ, ಕೈಯಲ್ಲಿ ಡಿಸ್ಚಾರ್ಜ್ ಕಾರ್ಡು. ಮುಖ ಮಾತ್ರ ಮದುಮಗನಂತೆ ಹೊಳೆಯುತ್ತಿತ್ತು. ಬಂದವನೇ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ:

“ಫ್ಯಾನ್ ಕೆಳಗ ಮಲಗಿಸಿ, ಬ್ರೆಡ್ಡು, ಬಾಳಿಹಣ್ಣು, ಹಾಲು ಕೊಟ್ರಕ್ಕಾ. ನಾಳಿ ಬರೂದೂ ಇಂಥದ್ದೇ ತುಫಾನೋ, ಬ್ಯಾರೇದೋ?”

೪. ಬೀಗದ ಕೈ

ಮಾಡಿಗೆ ತಂತಿ ಕಟ್ಟಿದ್ದು ಮಾಡು ಉಳಿಯಲಿ ಎಂದು. ಮಂದಿ ಉಳಿಯಬೇಕಾದರೆ ಅವರು ಅದರ ಕೆಳಗೆ ಇರಬಾರದು. ಓಣಿಯ ಎತ್ತರದ ತುದಿಯಲ್ಲಿ ಒಂದು ಸಮುದಾಯ ಭವನ ಇದೆ. ಆರ್‌ಸಿಸಿ ಸ್ಲ್ಯಾಬು, ಗಟ್ಟಿ ಗೋಡೆ. ಉದ್ಘಾಟನೆಯಾದ ದಿನ ಫೋಟೋ ಹೊಡೆಸಿಕೊಂಡು ಬೀಗ ಹಾಕಿದವರು ಮತ್ತೆ ತೆರೆದಿರಲಿಲ್ಲ. ಬೀಗದ ಕೈ ಸಾಹೇಬರ ಕಚೇರಿಯಲ್ಲಿ ಇತ್ತು. ಆಗಲೇ ಹೇಳಿದ ಆ ಹೆಸರಿಲ್ಲದ ಕಚೇರಿಯ ಸಾಹೇಬರು ಅವರು.

ತುಫಾನಿಗೆ ಒಂದು ದಿನ ಉಳಿದಿತ್ತು. ನಾನು ಹತ್ತು ಹದಿನೈದು ಹೆಂಗಸರನ್ನು ಕರೆದುಕೊಂಡು ಹೋದೆ. ಸಾಹೇಬರು ಮರ್ಯಾದೆಯಿಂದಲೇ ಮಾತಾಡಿದರು. ಅಷ್ಟು ಮರ್ಯಾದೆ ಕಂಡರೆ ನನಗೆ ಭಯ.

“ಮೇಡಂ, ಭವನ ತೆರಿಲಿಕ್ಕೆ ನನಗ ಅಧಿಕಾರ ಅದ. ಆದ್ರ ಆಪತ್ತು ಬಂದಾಗಷ್ಟೇ.”

“ನಾಳಿ ಬರ್ಲಿಕತ್ತದಲ್ರಿ.”

“ನಾಳಿ ಬರ್ಲಿ. ಬಂದ ಮ್ಯಾಲ ತೆರಿತೀವಿ.”

“ಬಂದ ಮ್ಯಾಲ ಒಳಗ ಕುಂದರ್ಸಲಿಕ್ಕೆ ಹೆಣ ತರಬೇಕೇನ್ರಿ?”

ಸಾಹೇಬರು ಕನ್ನಡಕ ಒರೆಸಿಕೊಂಡರು. “ಹಂಗಲ್ರಿ. ನಿಯಮ ಏನದ ಅಂದ್ರ, ಆಪತ್ತು ಪ್ರತ್ಯಕ್ಷ ನನ್ನ ಕಣ್ಣಿಗಿ ಕಾಣ್ಬೇಕು.”

ನಾನು ಹೆಂಗಸರ ಕಡೆ ನೋಡಿದೆ. ಅವರು ಬುತ್ತಿಯ ಗಂಟು ಕೆಳಗಿಟ್ಟರು, ಸೆರಗು ಬಿಗಿದರು, ಕಚೇರಿಯ ಬಾಗಿಲಿಂದ ಸಾಹೇಬರ ಮೇಜಿನ ತನಕ ಸಾಲಾಗಿ ಕುಳಿತರು. ನಾನು ಅವರ ಕುರ್ಚಿಯ ಎದುರಿಗೇ ಕಾಲು ಮಡಚಿ ಕುಳಿತೆ.

“ಆಪತ್ತು ಬಂದದ್ರಿ ಸಾಹೇಬ್ರ” ಎಂದೆ. “ನಿಮ್ಮ ಮುಂದ ಕುಂತದ, ನೋಡ್ರಿ.”

ಕ್ಲಾರ್ಕು ನಗು ತಡೆಯಲಾರದೆ ಹೊರಗೆ ಹೋದ. ತಿರುಗಿ ಬರುವಾಗ ಅವನ ಕೈಯಲ್ಲಿ ಬೀಗದ ಕೈ ಇತ್ತು.

೫. ಇಬ್ಬರು ನೆಗೆಣ್ಣಿಯರು

ತುಫಾನಿನ ದಿನ ಮುಂಜಾನೆಯಿಂದ ಮಳೆ. ಹತ್ತು ಗಂಟೆಗೆಲ್ಲ ಓಣಿ ಖಾಲಿ, ಭವನ ಭರ್ತಿ. ಆಡು, ಕೋಳಿ, ಜೋಳದ ಡಬ್ಬಿ, ರೇಷನ್ ಕಾರ್ಡು ಎಲ್ಲ ಬಂದಿದ್ದವು. ಎಣಿಸಿದೆ. ಒಬ್ಬರು ಕಡಿಮೆ. ಓಣಿಯ ಕೆಳಗಿನ ತುದಿಯ ಮುದುಕಿ, ನಾವೆಲ್ಲ ಆಯಿ ಎನ್ನುವವಳು, ಬಂದಿರಲಿಲ್ಲ. ಆಕೆಯ ಮನೆಯಿಂದ ಹೊಳೆಗೆ ಬರೀ ಇಪ್ಪತ್ತು ಹೆಜ್ಜೆ.

ಓಡಿದೆ. ಆಯಿ ಹೊಸ್ತಿಲ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು.

“ಏಳಾಯಿ, ನೀರು ಏರ್ಲಿಕತ್ತದ!”

“ಅಕಿ ಅದಾಳೇನು ಅಲ್ಲಿ?”

ಅಕಿ ಅಂದರೆ ಆಯಿಯ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಒಂದು ಬೀಸುಕಲ್ಲು ಯಾರ ಪಾಲಿಗೆ ಎಂಬ ಮಾತಿಗೆ ಇಬ್ಬರೂ ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು.

“ಅದಾಳ. ಎಲ್ಲಾರೂ ಅದಾರ.”

“ಹಂಗಿದ್ರ ನಾ ಬರಂಗಿಲ್ಲ. ಅಕಿ ಕುಂತ ಮಾಡಿನ ಕೆಳಗ ನಾ ಕುಂದ್ರಂಗಿಲ್ಲ. ಹೊಳಿ ಬಂದ್ರ ಬರ್ಲಿ, ಅದು ನನಗೇನು ಕೆಟ್ಟದ್ದು ಮಾಡಿಲ್ಲ.”

ನಾನು ಕಚೇರಿಗಳಿಗೆ ಬೀಗ ಹಾಕಿಸಿದವಳು, ತೆರೆಸಿದವಳು. ಆ ಮುದುಕಿಯ ಮುಂದೆ ನನ್ನ ಒಂದು ಮಾತೂ ನಡೆಯಲಿಲ್ಲ. ಬೇಡಿದೆ, ಬೈದೆ, ಕಾಲು ಹಿಡಿದೆ. ಎತ್ತಿಕೊಂಡು ಹೋಗೋಣವೆಂದರೆ ಕೈಯಲ್ಲಿ ಅಡಕತ್ತರಿ ಇತ್ತು. ಹೊಳೆಯ ಸಪ್ಪಳ ಏರುತ್ತಿತ್ತು. ಹಿಂದಿನ ಸಲ ಮುರಿದ ಕೈ ನನ್ನ ಕಣ್ಣ ಮುಂದೆ ಬಂತು. ಸುಳ್ಳು ಹೇಳುವುದಿಲ್ಲ, ಅತ್ತುಬಿಟ್ಟೆ.

ಆಗ ಮಳೆಯಲ್ಲಿ ತಲೆಯ ಮೇಲೆ ಗೋಣಿಚೀಲ ಹೊದ್ದುಕೊಂಡು ನೆಗೆಣ್ಣಿಯೇ ಬಂದಳು. ನನ್ನನ್ನು ಸರಿಸಿ ಎದುರಿಗೆ ನಿಂತಳು. ಇಪ್ಪತ್ತು ವರ್ಷದ ಮೇಲೆ ಮೊದಲ ಮಾತು:

“ಏಳ ಮುದೋಡಿ! ನೀ ಸತ್ರ ನಾ ಯಾರ ಮ್ಯಾಲ ಸಿಟ್ಟು ಮಾಡ್ಲಿ? ಮನ್ಯಾಗ ಉಳಿದೋರೆಲ್ಲ ಛಲೋ ಮಂದಿ ಅದಾರ!”

ಆಯಿ ಅವಳನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಅಡಿಕೆ ಬಾಯಿಗೆ ಹಾಕಿಕೊಂಡಳು. “ಮುದೋಡಿ ಯಾರು, ನೀನಾ ನಾನಾ?” ಎಂದು ಎದ್ದಳು.

ಅಲ್ಲಿಂದ ಶುರುವಾದ ಜಗಳ ಭವನದ ತನಕ ನಿಲ್ಲಲಿಲ್ಲ, ಭವನದ ಒಳಗೂ ನಿಲ್ಲಲಿಲ್ಲ. ಮಧ್ಯಾಹ್ನ ಗಾಳಿ ಬಂತು. ಕರೆಂಟು ಹೋಯಿತು, ಹೊರಗೆ ಬೇವಿನ ಮರ ಮುರಿಯಿತು, ಕಿಟಕಿಯ ಗಾಜು ಒಡೆಯಿತು. ಒಳಗೆ ಬೀಸುಕಲ್ಲು, ಅತ್ತೆಯ ಕಾಲದ ತಾಮ್ರದ ಕೊಡ, ಲಗ್ನದಲ್ಲಿ ಉಡಿಸದ ಸೀರೆ ಒಂದೊಂದಾಗಿ ಹೊರಬಂದವು. ಸಂಜೆ ಐದಕ್ಕೆ ಇಬ್ಬರೂ ನೀರು ಕುಡಿಯಲು ಸುಮ್ಮನಾದಾಗ ಮೇಸ್ತ್ರಿ ಕಿವಿಗೊಟ್ಟು ಆಲಿಸಿ ಹೇಳಿದ:

“ಅಕ್ಕಾ, ತುಫಾನ್ ಯಾವಾಗ ಹೋಯ್ತೋ ಏನೋ, ಹೊರಗ ಸಪ್ಪಳ ಇಲ್ಲ ನೋಡು.”

೬. ಹಾನಿ ಇಲ್ಲದ ತುಫಾನು

ಮರುದಿನ ಬಿಸಿಲಿಗೆ ಓಣಿ ಪೂರ್ತಿ ತಿರುಗಿ ನೋಡಿದೆ. ಹೊಳೆಯ ನೀರು ಆಯಿಯ ಹೊಸ್ತಿಲು ದಾಟಿ ಒಳಗೆ ಬಂದು ಹೋಗಿತ್ತು, ಕೆಸರಿನ ಗುರುತು ಗೋಡೆಯ ಮೇಲೆ ಇತ್ತು. ಆದರೆ ಮೇಲೆ ನೋಡಿದರೆ ಒಂದು ಪತ್ರಾನೂ ಹಾರಿರಲಿಲ್ಲ, ಒಂದು ತಂತಿಯೂ ಹರಿದಿರಲಿಲ್ಲ. ಭವನದಿಂದ ಹೊರಗೆ ಬಂದವರನ್ನು ಬಾಗಿಲಲ್ಲಿ ನಿಂತು ಎಣಿಸಿದೆ. ಎಲ್ಲರೂ ಇದ್ದರು. ಒಬ್ಬರ ಮೈಮೇಲೂ ಹೊಸ ಗೀರು ಇರಲಿಲ್ಲ. ನಾಲ್ಕನೇ ಇಯತ್ತೆಯ ಲೆಕ್ಕ ನನ್ನ ಜೀವನದಲ್ಲಿ ಇಷ್ಟು ಚಂದ ಕೂಡಿ ಬಂದದ್ದು ಇದೇ ಮೊದಲು.

ಮಧ್ಯಾಹ್ನ ಸಾಹೇಬರು ಕ್ಲಾರ್ಕಿನ ಜೊತೆ ಫಾರ್ಮು ಹಿಡಿದುಕೊಂಡು ಹಾನಿ ಬರೆದುಕೊಳ್ಳಲು ಬಂದರು.

“ಮನಿ ಎಷ್ಟು ಬಿದ್ದಾವ?”

“ಒಂದೂ ಇಲ್ಲ.”

“ಪತ್ರಾ ಎಷ್ಟು ಹಾರ್ಯಾವ?”

“ಒಂದೂ ಇಲ್ಲ.”

“ಗಾಯ ಆದವರು?”

“ಇಲ್ಲ.” ಮೇಸ್ತ್ರಿ ಬ್ಯಾಂಡೇಜ್ ಕಾಲು ಮುಂದೆ ಮಾಡಿದ, ನಾನು ಕಣ್ಣು ಕೆಂಪು ಮಾಡಿದೆ, ಹಿಂದೆ ತೆಗೆದುಕೊಂಡ.

“ದನಕರು, ಆಡು, ಕೋಳಿ?”

“ಕಮ್ಮಿ ಆಗಿಲ್ರಿ. ಒಂದು ಕೋಳಿ ಹೆಚ್ಚಾಗ್ಯಾದ, ಯಾರದೋ ಗೊತ್ತಿಲ್ಲ.”

ಸಾಹೇಬರ ಪೆನ್ನು ನಿಂತಿತು. ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿದರು. “ಮೇಡಂ, ಮುರಿದ ಮರ, ಒಡೆದ ಗಾಜು, ಕೆಸರಿಗಿ ಇದರಾಗ ಕಾಲಂ ಇಲ್ಲ. ಇದ್ದ ಕಾಲಂ ಎಲ್ಲಾ ಸೊನ್ನಿ ಆದ್ರ ನಿಮ್ಮ ಓಣ್ಯಾಗ ತುಫಾನೇ ಬಂದಿಲ್ಲ ಅಂತ ಆಗ್ತದ.”

ನನ್ನ ತಲೆ ಕಾಯಿತು. “ಬಂದಿತ್ರಿ! ಬಂದು ನಮ್ಮ ಕೈಯಾಗ ಸೋತು ಹೋತು! ಅದಕ್ಕ ನಿಮ್ಮ ಫಾರ್ಮಿನ್ಯಾಗ ಕಾಲಂ ಇಲ್ಲೇನು? ಹಾಳಾದವರನ್ನಷ್ಟೇ ಎಣಸ್ತೀರಿ, ಗೆದ್ದವರನ್ನ ಯಾವಾಗ ಎಣಸ್ತೀರಿ?”

ಕ್ಲಾರ್ಕು ಮೆತ್ತಗೆ ಹೇಳಿದ, “ಸಿಟ್ಟಾಗಬ್ಯಾಡ್ರಿ ಅಕ್ಕಾ. ಗಾಳಿ ಬಂದಿತ್ತು ಅನ್ನಲಿಕ್ಕೆ ಹಾರಿದ್ದು ಏನರ ಒಂದು ತೋರಸ್ರಿ ಸಾಕು. ಬರಕೋತೀವಿ.”

ನಾವೆಯ ಕಾಕಾ ಮುಂದೆ ಬಂದರು. “ಹಾರಿದ್ದು ಒಂದದ ಸಾಹೇಬ್ರ. ಆದ್ರ ಅದು ಇಲ್ಲಿಂದ ಹೋಗಿದ್ದಲ್ಲ, ಇಲ್ಲಿಗಿ ಬಂದದ್ದು.”

ಎಲ್ಲರನ್ನೂ ಭವನದ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಜಾಲಿಯ ಕಂಟಿಯಲ್ಲಿ ಬಾಗಿಲಿನಷ್ಟು ದೊಡ್ಡ ತಗಡು ಬೋರಲು ಬಿದ್ದಿತ್ತು. ನಾಲ್ಕು ಜನ ಹಿಡಿದು ತಿರುಗಿಸಿದರು. ಹಳದಿ ಬಣ್ಣ, ಕೆಂಪು ಅಕ್ಷರ. ನಾನು ಗಟ್ಟಿಯಾಗಿ ಓದಿದೆ: “ವಿಪತ್ತು ನಿಯಂತ್ರಣ ಕೊಠಡಿ. ಇಪ್ಪತ್ನಾಲ್ಕು ತಾಸು ತೆರೆದಿರುತ್ತದೆ.”

ಕ್ಲಾರ್ಕು ಆಕಾಶ ನೋಡಿದ. ಸಾಹೇಬರು ಬಗ್ಗಿ ಬೋರ್ಡು ನೋಡಿದರು. “ಇದು ನಮ್ದು” ಎಂದರು.

“ಯಾವಾಗ ಹಾರ್ತ್ರಿ?” ಎಂದು ಕೇಳಿದೆ.

“ಮೊದಲನೇ ಗಾಳಿಗೇ” ಎಂದು ಕ್ಲಾರ್ಕು ಸತ್ಯ ಹೇಳಿಬಿಟ್ಟ.

ಮೊದಲು ನಕ್ಕವರು ಸಾಹೇಬರೇ. ಅದನ್ನು ಅವರ ದೊಡ್ಡಸ್ತಿಕೆ ಎಂದೇ ಬರೆಯುತ್ತೇನೆ. ಆಮೇಲೆ ಇಡೀ ಓಣಿ ನಕ್ಕಿತು, ಇಬ್ಬರು ನೆಗೆಣ್ಣಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕರು. ಕಣ್ಣು ಒರೆಸಿಕೊಂಡು ಸಾಹೇಬರು ಫಾರ್ಮಿನಲ್ಲಿ ಬರೆದರು: ಓಣಿಯಲ್ಲಿ ಕಂಡ ಹಾನಿ, ಬೋರ್ಡು ಒಂದು. ಬರೆದು, “ಒಂದು ಟಂಟಂ ಗಾಡಿ ತರಸ್ರಿ, ಹೊತ್ತು ಹಾಕ್ಕೊಂಡು ಹೋಗಮಿ” ಎಂದು ಕ್ಲಾರ್ಕಿಗೆ ಹೇಳಿದರು.

ಯಾರೂ ಬೋರ್ಡಿಗೆ ಕೈ ಹಚ್ಚಲಿಲ್ಲ. ಕಾಕಾ ಅದರ ಮೇಲಿನ ಕೆಸರನ್ನು ತಮ್ಮ ಟವೆಲ್ಲಿನಿಂದ ಒರೆಸಿ, ಭವನದ ಬಾಗಿಲ ಕಡೆ ಒಮ್ಮೆ ನೋಡಿ, ಸಾಹೇಬರಿಗೆ ಕೈ ಮುಗಿದು ಹೇಳಿದರು:

“ಇರ್ಲಿ ಬಿಡ್ರಿ ಸಾಹೇಬ್ರ. ಅಷ್ಟು ದೊಡ್ಡ ಗಾಳ್ಯಾಗ ಅದು ಒಂದೇ ತನ್ನ ಜಾಗಾ ತಾನೇ ಹುಡ್ಕೊಂಡು ಬಂದದ.”